ಸೂಕ್ಷ್ಮ ಮನಸ್ಸಿನ ಮಕ್ಕಳು ಮತ್ತು ಊರಿನ ಶಾಲೆ

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಗ್ರಾಮ ಪಂಚಾಯಿತಿಯ ಸಭೆಯಲ್ಲಿ ಶಾಲೆಯ ವಿಷಯ ಬಂದಾಗ ಚರ್ಚೆಯು ಸಾಮಾನ್ಯವಾಗಿ ಕಟ್ಟಡ, ಕಾಂಪೌಂಡು, ಕುಡಿಯುವ ನೀರು, ಶೌಚಾಲಯಗಳ ಸುತ್ತ ನಡೆಯುತ್ತದೆ. ಇವೆಲ್ಲವೂ ಅಗತ್ಯವಾದವೇ. ಸೋರುವ ಮಾಳಿಗೆಯ ಕೆಳಗೆ ಯಾವ ಮಗುವೂ ಕಲಿಯಲಾರದು. ಆದರೆ ಕಟ್ಟಡ ಸುಸ್ಥಿತಿಯಲ್ಲಿದ್ದು, ಶಿಕ್ಷಕರು ಹಾಜರಿದ್ದು, ಬಿಸಿಯೂಟ ನಡೆಯುತ್ತಿದ್ದರೂ ಶಾಲೆಯೊಳಗೆ ದಿನದಿನವೂ ಕುಗ್ಗುತ್ತ ಹೋಗುವ ಕೆಲವು ಮಕ್ಕಳು ಪ್ರತಿಯೊಂದು ಊರಿನಲ್ಲಿಯೂ ಇರುತ್ತಾರೆ. ಅವರು ಗಲಾಟೆ ಮಾಡುವುದಿಲ್ಲ, ದೂರು ತರುವುದಿಲ್ಲ, ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಗುರುತು ಬಿದ್ದೇ ಇರುತ್ತದೆ. ಆದ್ದರಿಂದಲೇ ಅವರ ವಿಷಯ ಯಾವ ಸಭೆಯ ನಡಾವಳಿಯಲ್ಲಿಯೂ ಸೇರುವುದಿಲ್ಲ. ಏಳನೆಯ ತರಗತಿ ಮುಗಿಸಿ ಪ್ರೌಢಶಾಲೆಗೆ ಹೋಗಬೇಕಾದ ತಿರುವಿನಲ್ಲಿ ಅವರಲ್ಲಿ ಕೆಲವರು ಸದ್ದಿಲ್ಲದೆ ಮನೆಯಲ್ಲಿ ಉಳಿದುಬಿಡುತ್ತಾರೆ. ಆಗಲೂ ಊರು ಹೇಳುವುದು, "ಅದಕ್ಕೆ ವಿದ್ಯೆ ತಲೆಗೆ ಹತ್ತಲಿಲ್ಲ" ಎಂದು.

ಸೂಕ್ಷ್ಮ ಮನಸ್ಸಿನ, ಒಳಅರಿವಿನಿಂದ ಕಲಿಯುವ ಈ ಮಕ್ಕಳಿಗೆ ಶಾಲೆಯನ್ನು ಹೊಂದಿಸುವುದು ಹೇಗೆ, ಅದರಲ್ಲಿ ಗ್ರಾಮ ಪಂಚಾಯಿತಿಯ ಪಾತ್ರವೇನು ಎಂಬುದನ್ನು ವಿಚಾರ ಮಾಡುವುದು ಈ ಉಪನ್ಯಾಸದ ಉದ್ದೇಶ.

ಈ ಮಕ್ಕಳು ಯಾರು?

ಸೂಕ್ಷ್ಮ ಮನಸ್ಸಿನ ಮಗುವನ್ನು ಗುರುತಿಸುವುದು ತಾಯಂದಿರಿಗೆ ಕಷ್ಟವಲ್ಲ. ಪಕ್ಕದ ಹುಡುಗನನ್ನು ಶಿಕ್ಷಕರು ಗದರಿದರೆ ಈ ಮಗುವಿನ ಕಣ್ಣಲ್ಲಿ ನೀರು ತುಂಬುತ್ತದೆ. ಧ್ವನಿವರ್ಧಕದ ಅಬ್ಬರಕ್ಕೆ ಅದು ಕಿವಿ ಮುಚ್ಚಿಕೊಳ್ಳುತ್ತದೆ. ತರಗತಿಯಲ್ಲಿ ಪ್ರಶ್ನೆ ಕೇಳಿದೊಡನೆ ಉತ್ತರ ಬಾಯಿಗೆ ಬರುವುದಿಲ್ಲ. ಸಂಜೆ ಮನೆಯಲ್ಲಿ ಅಜ್ಜಿಗೆ ಪಾಠವನ್ನೆಲ್ಲ ಬಿಡಿಬಿಡಿಯಾಗಿ ಹೇಳುತ್ತದೆ. ಹೊಸಬರು ಬಂದರೆ ಕಂಬದ ಮರೆಗೆ ಸರಿಯುತ್ತದೆ. ಲೆಕ್ಕದ ಉತ್ತರ ಸರಿಯಾಗಿರುತ್ತದೆ. ಅದು ಹೇಗೆ ಬಂತೆಂದು ಕೇಳಿದರೆ ತಡವರಿಸುತ್ತದೆ. ಅಂಥ ಮಗು ಬಿಡಿಬಿಡಿಯಾದ ಹೆಜ್ಜೆಗಳಿಗಿಂತ ಮೊದಲು ಇಡೀ ವಿಷಯವನ್ನು ಒಮ್ಮೆಗೇ ಕಂಡುಬಿಡುತ್ತದೆ. ಇದನ್ನೇ ಒಳಅರಿವು ಎಂದು ಕರೆಯುವುದು.

ಇದು ಕಾಯಿಲೆಯೂ ಅಲ್ಲ, ಬುದ್ಧಿಯ ಕೊರತೆಯೂ ಅಲ್ಲ. ಶಬ್ದ, ಬೆಳಕು, ಮಾತು, ಮುಖಭಾವ ಇವುಗಳನ್ನು ಹೆಚ್ಚು ಆಳವಾಗಿ ಗ್ರಹಿಸುವ ಸ್ವಭಾವ ಕೆಲವರಲ್ಲಿ ಹುಟ್ಟಿನಿಂದಲೇ ಇರುತ್ತದೆಂದು ಅಮೆರಿಕದ ಮನೋವಿಜ್ಞಾನಿ ಎಲೈನ್ ಆರನ್ ಅವರು 1990ರ ದಶಕದಲ್ಲಿ ವಿವರಿಸಿದರು. ಆ ಬಳಿಕ ಈ ವಿಷಯದಲ್ಲಿ ಬೇರೆ ದೇಶಗಳಲ್ಲಿಯೂ ಅಧ್ಯಯನಗಳು ನಡೆದಿವೆ. ಇಂಥವರು ಕೆಟ್ಟ ವಾತಾವರಣದಲ್ಲಿ ಇತರರಿಗಿಂತ ಬೇಗ ಬಾಡುತ್ತಾರೆ. ಒಳ್ಳೆಯ ವಾತಾವರಣದಲ್ಲಿ ಇತರರಿಗಿಂತ ಚೆನ್ನಾಗಿ ಅರಳುತ್ತಾರೆ. ಆದ್ದರಿಂದ ಶಾಲೆಯ ಗುಣದೋಷಗಳು ಮೊದಲು ಕಾಣಿಸಿಕೊಳ್ಳುವುದು ಇಂಥ ಮಕ್ಕಳಲ್ಲಿ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮೌನವಾಗಿರುವ ಮಗುವೆಲ್ಲ ಸೂಕ್ಷ್ಮ ಸ್ವಭಾವದ ಮಗುವೇ ಆಗಿರಬೇಕೆಂದಿಲ್ಲ. ಕಿವಿ ಮಂದವಾಗಿರಬಹುದು, ಕಣ್ಣಿಗೆ ಕರಿಹಲಗೆ ಕಾಣಿಸದಿರಬಹುದು, ಅಕ್ಷರಗಳನ್ನು ಬಿಡಿಸಿ ಓದುವುದರಲ್ಲಿಯೇ ತೊಡಕಿರಬಹುದು, ಮನೆಯಲ್ಲಿ ಹಸಿವು, ಹೊಡೆತ ಅಥವಾ ಹೇಳಿಕೊಳ್ಳಲಾಗದ ಭಯವಿರಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ನಿರ್ದಿಷ್ಟ ಕಲಿಕಾ ನ್ಯೂನತೆ ಮತ್ತು ಆಟಿಸಂ ಸೇರಿದಂತೆ 21 ಬಗೆಯ ನ್ಯೂನತೆಗಳನ್ನು ಗುರುತಿಸಿದೆ. ಇವುಗಳಿಗೆ ತಜ್ಞರ ನೆರವು ಬೇಕು. "ಅದರ ಸ್ವಭಾವವೇ ಹಾಗೆ" ಎಂದು ಬಿಟ್ಟುಬಿಡುವುದೂ "ಅದು ದಡ್ಡ" ಎಂದು ಹಣೆಪಟ್ಟಿ ಕಟ್ಟುವುದೂ ಮಗುವಿಗೆ ಒಂದೇ ಬಗೆಯ ಅನ್ಯಾಯ.

ಹಳೆಯ ಶಾಲೆಯ ಎರಡು ಪದರಗಳು

ಸಾಂಪ್ರದಾಯಿಕ ಶಾಲೆ ಎಂದೊಡನೆ ಸಾಲುಬೆಂಚು, ಗಂಟೆ, ತರಗತಿ, ಪರೀಕ್ಷೆ, ಅಂಕಪಟ್ಟಿಗಳು ಕಣ್ಣಮುಂದೆ ಬರುತ್ತವೆ. ಆದರೆ ಕರ್ನಾಟಕದ ಹಳ್ಳಿಗಳಲ್ಲಿ ಇವು ಬಹಳ ಹಳೆಯವಲ್ಲ. ಇವು ಬೇರೂರಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಸರ್ಕಾರಿ ಇಲಾಖೆಯ ಶಾಲೆಗಳೊಂದಿಗೆ. ಅದಕ್ಕೂ ಹಿಂದೆ ಊರೂರಿನಲ್ಲಿ ಇದ್ದುದು ಐಗಳ ಕೂಲಿಮಠ. ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು; ಮಗ್ಗಿಯನ್ನು ಒಟ್ಟಾಗಿ ಹೇಳುತ್ತಿದ್ದರು. ಇಂದಿನ ಅರ್ಥದ ತರಗತಿಗಳು ಅಲ್ಲಿರಲಿಲ್ಲ. ಒಬ್ಬ ಅಕ್ಷರ ತಿದ್ದುತ್ತಿದ್ದಾಗ ಇನ್ನೊಬ್ಬ ಕಾಗುಣಿತದಲ್ಲಿರುತ್ತಿದ್ದ. ಕಲಿತ ದೊಡ್ಡ ಹುಡುಗ ಕಿರಿಯನಿಗೆ ಹೇಳಿಕೊಡುತ್ತಿದ್ದ. ಹಿರಿಯ ಮಕ್ಕಳಿಂದ ಕಿರಿಯರಿಗೆ ಪಾಠ ಹೇಳಿಸುವ ಈ ಪದ್ಧತಿಯನ್ನು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಮದರಾಸಿನಿಂದ ಇಂಗ್ಲೆಂಡಿಗೆ ಒಯ್ದರು. ಅಲ್ಲಿ ಅದಕ್ಕೆ ಮದರಾಸು ಪದ್ಧತಿ ಎಂಬ ಹೆಸರೇ ಬಂತು.

ಕೂಲಿಮಠವನ್ನು ಹೊಗಳುವುದು ಇಲ್ಲಿನ ಉದ್ದೇಶವಲ್ಲ. ಅಲ್ಲಿ ಬೆತ್ತವಿತ್ತು, ಮಗುವನ್ನು ಹಗ್ಗಕ್ಕೆ ತೂಗುಹಾಕುವ ಕೋದಂಡ ಶಿಕ್ಷೆಯಿತ್ತು. ಹೆಣ್ಣುಮಕ್ಕಳಿಗೂ ಅನೇಕ ಸಮುದಾಯಗಳ ಮಕ್ಕಳಿಗೂ ಅದರ ಬಾಗಿಲು ಮುಚ್ಚಿತ್ತು. ಇಲಾಖೆಯ ಶಾಲೆ ಆ ಬಾಗಿಲನ್ನು ತೆರೆಯಿತು. ಇದು ದೊಡ್ಡ ಉಪಕಾರ. ಆದರೆ ಅದೇ ಶಾಲೆ ಮಗುವಿನ ಸ್ವಂತ ನಡಿಗೆಯನ್ನು ಕಿತ್ತುಕೊಂಡಿತು. ಒಂದೇ ವಯಸ್ಸಿನ ನಲವತ್ತು ಮಕ್ಕಳು ಒಂದೇ ದಿನ ಒಂದೇ ಪುಟದಲ್ಲಿರಬೇಕೆಂಬ ನಿಯಮ ಬಂತು. ಬೇಗ ಉತ್ತರ ಹೇಳಿದವನು ಜಾಣ, ಗಟ್ಟಿಯಾಗಿ ಹೇಳಿದವನು ಧೈರ್ಯವಂತ ಎಂಬ ಅಳತೆಗೋಲು ನಿಂತಿತು. ಬೆತ್ತ ಕಾನೂನಿನಿಂದ ಹೋದ ಮೇಲೂ ಅಳತೆಗೋಲು ಮಾತ್ರ ಹೋಗಿಲ್ಲ. ಯೋಚಿಸಿ ಉತ್ತರಿಸುವ ಮಗು ಆ ಅಳತೆಯಲ್ಲಿ ಯಾವಾಗಲೂ ಹಿಂದೆ ಬೀಳುತ್ತದೆ.

ಈ ಅಳತೆಗೋಲು ಎಂಥವರನ್ನು ತಪ್ಪಿಸಿಕೊಳ್ಳುತ್ತದೆ ಎಂಬುದಕ್ಕೆ ಶ್ರೀನಿವಾಸ ರಾಮಾನುಜನ್ ಅವರ ಬದುಕು ನಿದರ್ಶನ. ಗಣಿತದ ಸತ್ಯಗಳನ್ನು ಒಳಅರಿವಿನಿಂದ ಕಾಣುತ್ತಿದ್ದ ಅವರು ಇತರ ವಿಷಯಗಳಲ್ಲಿ ತೇರ್ಗಡೆಯಾಗದೆ ಕುಂಭಕೋಣದ ಕಾಲೇಜಿನಲ್ಲಿ ವಿದ್ಯಾರ್ಥಿವೇತನ ಕಳೆದುಕೊಂಡರು. ಪದವಿಯಿಲ್ಲದೆ ಮದರಾಸಿನ ಬಂದರು ಕಚೇರಿಯಲ್ಲಿ ಗುಮಾಸ್ತರಾದರು. ಅವರ ಪತ್ರವನ್ನು ತಾಳ್ಮೆಯಿಂದ ಓದುವವರೊಬ್ಬರು ಕೇಂಬ್ರಿಡ್ಜಿನಲ್ಲಿ ಇದ್ದುದರಿಂದ ಜಗತ್ತಿಗೆ ಅವರ ಪರಿಚಯವಾಯಿತು. ಊರಿನ ಶಾಲೆಯಲ್ಲಿರುವ ಮಗು ರಾಮಾನುಜನ್ ಆಗಬೇಕಾಗಿಲ್ಲ. ತಾಳ್ಮೆಯಿಂದ ಕೇಳುವ ಒಬ್ಬರು ಅದಕ್ಕೆ ಹತ್ತಿರದಲ್ಲಿಯೇ ಸಿಕ್ಕರೆ ಸಾಕು.

ಸಿಲ್ವೇಪುರದ ಅನುಭವ

ಬೇರೊಂದು ಬಗೆಯ ಶಾಲೆ ಸಾಧ್ಯವೇ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಉತ್ತರ ಬೆಂಗಳೂರಿನವರು ದೂರ ಹೋಗಬೇಕಾಗಿಲ್ಲ. ಹೆಸರಘಟ್ಟದ ಕಡೆಯ ಸಿಲ್ವೇಪುರ ಗ್ರಾಮದಲ್ಲಿ 1975ರಲ್ಲಿ ಸೀತಾ ಶಾಲೆ ಆರಂಭವಾಯಿತು. ಇಂಗ್ಲೆಂಡಿನಲ್ಲಿ ಹುಟ್ಟಿ, ಗಾಂಧೀಜಿಯವರ ನಯೀ ತಾಲೀಮ್ ವಿಚಾರದಿಂದ ಪ್ರೇರಿತರಾಗಿ ಭಾರತಕ್ಕೆ ಬಂದ ಜೇನ್ ಸಾಹಿ ಅವರು ಅದನ್ನು ಸ್ಥಾಪಿಸಿ ದಶಕಗಳ ಕಾಲ ನಡೆಸಿದರು. ಅವರ ಪತಿ, ಕಲಾವಿದ ಜ್ಯೋತಿ ಸಾಹಿ ಅವರ ಕಲಾಕೇಂದ್ರವೂ ಅದೇ ಊರಿನಲ್ಲಿತ್ತು. ಶಾಲೆಗೆ ಬಂದವರು ಸುತ್ತಮುತ್ತಲಿನ ಹಳ್ಳಿಯ ಮಕ್ಕಳು. ದೊಡ್ಡ ಕಟ್ಟಡವಾಗಲಿ, ದೊಡ್ಡ ಸಂಖ್ಯೆಯಾಗಲಿ ಅದರ ಗುರಿಯಾಗಿರಲಿಲ್ಲ.

ಅಲ್ಲಿ ಚಿತ್ರ, ಜೇಡಿಮಣ್ಣು, ಕಥೆ, ಹಾಡುಗಳು ಪಾಠ ಮುಗಿದ ಮೇಲಿನ ವಿನೋದವಾಗಿರದೆ ಪಾಠದ ಬಾಗಿಲೇ ಆಗಿದ್ದವು. ಮಾತಿನಲ್ಲಿ ಹೇಳಲಾಗದ ಮಗು ಚಿತ್ರದಲ್ಲಿ ಹೇಳುತ್ತದೆ. ಚಿತ್ರದ ಬಗ್ಗೆ ಯಾರಾದರೂ ಆಸಕ್ತಿಯಿಂದ ಕೇಳಿದರೆ ನಿಧಾನವಾಗಿ ಮಾತು ಹೊರಡುತ್ತದೆ. ಆ ಮಾತನ್ನೇ ಬರೆದು ತೋರಿಸಿದರೆ ಅದು ಮಗುವಿನ ಮೊದಲ ಓದಾಗುತ್ತದೆ. ಕಲೆಯ ಮೂಲಕ ಕಲಿಕೆ ಎಂಬ ಈ ವಿಚಾರವನ್ನು ಜೇನ್ ಸಾಹಿ ಮತ್ತು ರೋಷನ್ ಸಾಹಿ ಅವರು ಬರೆದ ಪುಸ್ತಕವನ್ನು ಭೋಪಾಲದ ಏಕಲವ್ಯ ಸಂಸ್ಥೆ ಪ್ರಕಟಿಸಿದೆ. ರಾಜಾನುಕುಂಟೆಯ ಬಳಿಯ ಅದ್ದೆ ವಿಶ್ವನಾಥಪುರದಲ್ಲಿರುವ ಪೂರ್ಣ ಕಲಿಕಾ ಕೇಂದ್ರವೂ ಬೇರೆ ಬೇರೆ ವಯಸ್ಸಿನ ಮಕ್ಕಳನ್ನು ಒಟ್ಟಿಗೆ ಕೂರಿಸಿ ಕಲಿಸುವ ದಾರಿಯನ್ನು ಹಿಡಿದಿದೆ.

ಇಂಥ ಶಾಲೆಗಳ ಬಗ್ಗೆ ಸದಸ್ಯರ ಮನಸ್ಸಿನಲ್ಲಿ ಒಂದು ಆಕ್ಷೇಪ ಏಳುವುದು ಸಹಜ: "ಅವು ಚಿಕ್ಕ ಶಾಲೆಗಳು, ಅಲ್ಲಿ ಮಕ್ಕಳು ಕಡಿಮೆ. ಒಬ್ಬರೋ ಇಬ್ಬರೋ ಶಿಕ್ಷಕರಿರುವ ಸರ್ಕಾರಿ ಶಾಲೆಯಲ್ಲಿ ಇದು ನಡೆಯುವ ಮಾತೇ?" ಆಕ್ಷೇಪ ನ್ಯಾಯವಾದುದು. ಅದಕ್ಕೆ ಉತ್ತರ ಕರ್ನಾಟಕದ ಸರ್ಕಾರಿ ಶಾಲೆಯಲ್ಲಿಯೇ ಇದೆ.

ನಲಿ-ಕಲಿ ತೋರಿಸಿದ ದಾರಿ

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ನಲಿ-ಕಲಿ ಆರಂಭವಾಯಿತು. ಆಂಧ್ರಪ್ರದೇಶದ ಮದನಪಲ್ಲಿಯ ಬಳಿಯ ರಿಷಿವ್ಯಾಲಿ ಸಂಸ್ಥೆ ತನ್ನ ಸುತ್ತಲಿನ ಹಳ್ಳಿಗಳಲ್ಲಿ ನಡೆಸುತ್ತಿದ್ದ ಪುಟ್ಟ ಶಾಲೆಗಳನ್ನು ನೋಡಿ ಬಂದ ಸರ್ಕಾರಿ ಶಿಕ್ಷಕರೇ ಇದನ್ನು ರೂಪಿಸಿದರು. ಅರಣ್ಯದಂಚಿನ, ಸೌಕರ್ಯ ಕಡಿಮೆಯಿದ್ದ ತಾಲ್ಲೂಕಿನ ಕೆಲವು ಶಾಲೆಗಳಲ್ಲಿ ನಡೆದ ಪ್ರಯೋಗ 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕಿರಿಯ ತರಗತಿಗಳಿಗೆಲ್ಲ ವಿಸ್ತರಿಸಿತು.

ನಲಿ-ಕಲಿ ಕೊಠಡಿಯಲ್ಲಿ ಬೆಂಚಿಲ್ಲ. ಬೇರೆ ಬೇರೆ ತರಗತಿಯ ಮಕ್ಕಳು ನೆಲದ ಮೇಲೆ ಗುಂಪುಗಳಲ್ಲಿ ಕೂರುತ್ತಾರೆ. ಕಲಿಯಬೇಕಾದುದನ್ನು ಮೆಟ್ಟಿಲುಗಳನ್ನಾಗಿ ಜೋಡಿಸಲಾಗಿದೆ; ಪ್ರತಿ ಮೆಟ್ಟಿಲಿಗೂ ಚಿತ್ರದ ಗುರುತಿರುವ ಕಾರ್ಡುಗಳಿವೆ. ಮಗು ತಾನೇ ತನ್ನ ಕಾರ್ಡನ್ನು ತೆಗೆದುಕೊಂಡು ಅದು ಸೂಚಿಸುವ ಗುಂಪಿಗೆ ಹೋಗುತ್ತದೆ. ಗುಂಪುಗಳು ಐದು: ಶಿಕ್ಷಕರ ಪೂರ್ಣ ಸಹಾಯ, ಶಿಕ್ಷಕರ ಭಾಗಶಃ ಸಹಾಯ, ಸಹಪಾಠಿಯ ಪೂರ್ಣ ಸಹಾಯ, ಸಹಪಾಠಿಯ ಭಾಗಶಃ ಸಹಾಯ, ಕೊನೆಯದು ಸ್ವಂತ ಕಲಿಕೆ. ನಾಲ್ಕು ದಿನ ಶಾಲೆಗೆ ಬಾರದ ಮಗು ಮರಳಿ ಬಂದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಎತ್ತರಕ್ಕೆ ಬರೆಯುವ ಹಲಗೆಗಳಿವೆ; ತಲೆಯ ಮೇಲಿನ ಚಪ್ಪರದಲ್ಲಿ ಮಕ್ಕಳು ಮಾಡಿದ ಚಿತ್ರಗಳು ತೂಗುತ್ತವೆ.

ಸೂಕ್ಷ್ಮ ಮನಸ್ಸಿನ ಮಗುವಿನ ದೃಷ್ಟಿಯಿಂದ ಇದರ ಬೆಲೆಯನ್ನು ಗಮನಿಸಬೇಕು. ಎಲ್ಲರ ಎದುರಿಗೆ ಎದ್ದು ನಿಂತು ಉತ್ತರ ಹೇಳುವ ಪ್ರಸಂಗ ಇಲ್ಲಿ ಕಡಿಮೆ. ಶಿಕ್ಷಕರು ನೆಲದ ಮೇಲೆ ಪಕ್ಕದಲ್ಲಿ ಕೂರುತ್ತಾರೆ. ಒಬ್ಬ ಗೆಳತಿಯೊಡನೆ ಕಲಿಯಬಹುದು, ತಾನೊಬ್ಬಳೇ ಕುಳಿತೂ ಕಲಿಯಬಹುದು. ಹಿಂದೆ ಬಿದ್ದೆನೆಂಬ ನಾಚಿಕೆಗೆ ಎಡೆ ಚಿಕ್ಕದು. ಕೂಲಿಮಠದಲ್ಲಿದ್ದ ಸ್ವಂತ ನಡಿಗೆ ಮತ್ತು ಸಹಪಾಠಿಯ ನೆರವು ಬೆತ್ತವಿಲ್ಲದೆ, ಎಲ್ಲ ಜಾತಿಯ ಗಂಡು ಹೆಣ್ಣುಮಕ್ಕಳಿಗೂ ಮರಳಿ ದೊರೆತಿದೆ.

ಕೊರತೆಗಳೂ ಇವೆ. ಕಾರ್ಡುಗಳು ಹರಿದು ಕಳೆದುಹೋದ ಕಡೆ, ತರಬೇತಿ ಪಡೆದ ಶಿಕ್ಷಕರು ವರ್ಗವಾಗಿ ಹೋದ ಕಡೆ, ಮಕ್ಕಳ ಸಂಖ್ಯೆ ಮಿತಿಮೀರಿದ ಕಡೆ ನಲಿ-ಕಲಿ ಹೆಸರಿಗಷ್ಟೇ ಉಳಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾದುದು ನಾಲ್ಕನೆಯ ತರಗತಿಯ ತಿರುವು. ಮೂರು ವರ್ಷ ತನ್ನ ನಡಿಗೆಯಲ್ಲಿ ನಡೆದ ಮಗು ಅಲ್ಲಿ ಒಮ್ಮೆಗೇ ಸಾಲುಬೆಂಚಿಗೆ, ಒಂದೇ ಪುಟಕ್ಕೆ, ಕಿರುಪರೀಕ್ಷೆಗಳಿಗೆ ಹೊಂದಿಕೊಳ್ಳಬೇಕಾಗುತ್ತದೆ. ಗಟ್ಟಿ ಮನಸ್ಸಿನ ಮಗು ದಾಟುತ್ತದೆ. ಸೂಕ್ಷ್ಮ ಮನಸ್ಸಿನ ಮಗು ಅಲ್ಲಿಯೇ ಮಾತು ನಿಲ್ಲಿಸುತ್ತದೆ. ಪಂಚಾಯಿತಿಯ ಕಣ್ಣು ವಿಶೇಷವಾಗಿ ಇರಬೇಕಾದುದು ಈ ತಿರುವಿನ ಮೇಲೆ.

"ಮಗು ಗಟ್ಟಿಯಾಗಬೇಡವೇ?"

ಇನ್ನೊಂದು ಆಕ್ಷೇಪವೂ ಹಿರಿಯರಿಂದ ಬರುತ್ತದೆ. ಲೋಕ ಕಠಿಣವಾಗಿದೆ, ಮಗುವನ್ನು ಹೂವಿನಂತೆ ನೋಡಿಕೊಂಡರೆ ಮುಂದೆ ಬಾಳುವುದು ಹೇಗೆ ಎಂಬುದು ಅವರ ಪ್ರಶ್ನೆ. ಇದಕ್ಕೆ ದೇವನಹಳ್ಳಿ, ವಿಜಯಪುರ, ಚಿಕ್ಕಬಳ್ಳಾಪುರದ ಕಡೆಯ ರೇಷ್ಮೆ ಬೆಳೆಗಾರರೇ ಉತ್ತರ ಬಲ್ಲರು. ಚಾಕಿ ಹಂತದ ಹುಳುವಿಗೆ ಎಳೆಯ ಎಲೆಯನ್ನು ಸಣ್ಣಗೆ ಕತ್ತರಿಸಿ ಕೊಡುತ್ತಾರೆ. ಶಾಖವನ್ನೂ ತೇವವನ್ನೂ ಕಾಯ್ದುಕೊಳ್ಳುತ್ತಾರೆ. ಹೊಗೆ, ಘಾಟು ಸುಳಿಯದಂತೆ ನೋಡುತ್ತಾರೆ. ಎರಡು ಜ್ವರ ಕಳೆದ ಮೇಲೆ ಅದೇ ಹುಳು ದೊಡ್ಡ ಎಲೆಯನ್ನು, ಆಮೇಲೆ ಇಡೀ ರೆಂಬೆಯನ್ನೇ ತಿನ್ನುತ್ತದೆ. ಚಾಕಿಯಲ್ಲಿಯೇ ರೆಂಬೆ ಹಾಕಿ ಗಟ್ಟಿಮಾಡಲು ಹೊರಟವನಿಗೆ ಗೂಡು ಸಿಗುವುದಿಲ್ಲ. ಹುಳು ನಾಜೂಕು ಎಂದು ರೈತ ಅದನ್ನು ಬೈಯುವುದೂ ಇಲ್ಲ. ನೂಲು ಬರುವುದು ಆ ನಾಜೂಕಿನಿಂದಲೇ ಎಂಬುದು ಅವನಿಗೆ ಗೊತ್ತು. ಮಗುವನ್ನು ಲೋಕದಿಂದ ಮುಚ್ಚಿಡಬೇಕೆಂದು ಯಾರೂ ಹೇಳುತ್ತಿಲ್ಲ. ಮೊದಲು ಒಬ್ಬರೆದುರು ಮಾತು, ಬಳಿಕ ಐವರ ಗುಂಪಿನಲ್ಲಿ, ಬಳಿಕ ತರಗತಿಯಲ್ಲಿ, ಕೊನೆಗೆ ವೇದಿಕೆಯಲ್ಲಿ ಎಂಬ ಕ್ರಮವಿರಲಿ ಎಂಬುದಷ್ಟೇ ಇಲ್ಲಿನ ಸೂಚನೆ.

ಉತ್ತರ ಬೆಂಗಳೂರಿನ ವಿಶೇಷ ಪರಿಸ್ಥಿತಿ

2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಬಳಿಕ ಹೆಬ್ಬಾಳದಿಂದ ಉತ್ತರಕ್ಕೆ ಊರುಗಳ ರೂಪವೇ ಬದಲಾಗಿದೆ. ಬಳ್ಳಾರಿ ರಸ್ತೆಯ ವಾಹನ ಪ್ರವಾಹ, ಬಡಾವಣೆಗಳ ಕಾಮಗಾರಿ, ಜಲ್ಲಿ ಲಾರಿಗಳ ಓಡಾಟ, ಯಲಹಂಕ ವಾಯುನೆಲೆಯ ವಿಮಾನಗಳ ಗುಡುಗು ಇವೆಲ್ಲ ಶಾಲೆಯ ಕಿಟಕಿಯಿಂದ ಒಳಗೆ ಬರುತ್ತವೆ. ಶಬ್ದಕ್ಕೆ ಬೆದರುವ ಮಗುವಿಗೆ ಇದು ದಿನನಿತ್ಯದ ಪರೀಕ್ಷೆ.

ಕಟ್ಟಡ ಕೆಲಸಕ್ಕಾಗಿ ಯಾದಗಿರಿ, ರಾಯಚೂರು, ಕಲಬುರಗಿಯಿಂದಲೂ ಆಂಧ್ರ, ಬಿಹಾರ, ಒಡಿಶಾ, ಬಂಗಾಳದಿಂದಲೂ ಬಂದ ಕುಟುಂಬಗಳು ಶೆಡ್ಡುಗಳಲ್ಲಿ ವಾಸವಾಗಿವೆ. ಅವರ ಮಕ್ಕಳು ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು, ಪುಸ್ತಕದಲ್ಲಿ ಮತ್ತೊಂದು ಭಾಷೆಯನ್ನು ಎದುರಿಸುತ್ತಾರೆ. ಕಲಬುರಗಿಯ ಕನ್ನಡವನ್ನಾಡುವ ಮಗು ತನ್ನ ಮಾತಿಗೆ ತರಗತಿ ನಕ್ಕಿತೆಂದು ಬಾಯಿ ಮುಚ್ಚಿಕೊಂಡರೆ, ಅದು ಕನ್ನಡದ ಶಾಲೆಯಲ್ಲಿಯೇ ಕನ್ನಡದ ಮಗುವಿಗೆ ಆದ ನಷ್ಟ.

ಆದರೆ ಇದೇ ಭಾಗದಲ್ಲಿ ಸಂಪತ್ತೂ ಇದೆ. ಹೆಸರಘಟ್ಟದ ಹುಲ್ಲುಗಾವಲು, ಜಾರಕಬಂಡೆ ಕಾವಲು, ಯಲಹಂಕದ ಪುಟ್ಟೇನಹಳ್ಳಿ ಪಕ್ಷಿ ಮೀಸಲು ಪ್ರದೇಶ, ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಹೊಲಗದ್ದೆಗಳು ಇವೆಲ್ಲ ಅರ್ಧ ದಿನದಲ್ಲಿ ಹೋಗಿ ಬರಬಹುದಾದ ದೂರದಲ್ಲಿವೆ. ತರಗತಿಯಲ್ಲಿ ತುಟಿ ತೆರೆಯದ ಮಗು ಕೆರೆಯಂಗಳದಲ್ಲಿ ಎಲ್ಲರಿಗಿಂತ ಮೊದಲು ಹಕ್ಕಿಯ ಗೂಡನ್ನು ಕಾಣುತ್ತದೆ. ಅದನ್ನು ಗಮನಿಸಿ ಒಂದು ಮಾತು ಆಡುವ ಶಿಕ್ಷಕರಿದ್ದರೆ ಆ ಮಗುವಿನ ಶಾಲೆ ಅಂದಿನಿಂದ ಬೇರೆಯಾಗುತ್ತದೆ.

ಕಾನೂನು ಏನು ಹೇಳುತ್ತದೆ?

ಇದು ಕೇವಲ ಕರುಣೆಯ ವಿಷಯವೆಂದು ತಿಳಿಯಬಾರದು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ, 2009ರ 17ನೆಯ ಪ್ರಕರಣವು ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲದೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. "ದಡ್ಡ", "ಮೂಗಿ" ಎಂದು ಎಲ್ಲರೆದುರು ಕರೆದು ಮಗುವನ್ನು ಕುಗ್ಗಿಸುವುದನ್ನು ಈ ಪ್ರಕರಣದ ಬೆಳಕಿನಲ್ಲಿಯೇ ನೋಡಬೇಕು. 29ನೆಯ ಪ್ರಕರಣವು ಕಲಿಕೆ ಚಟುವಟಿಕೆ ಮತ್ತು ಅನ್ವೇಷಣೆಯ ಮೂಲಕ ನಡೆಯಬೇಕೆಂದೂ, ಸಾಧ್ಯವಾದಷ್ಟು ಮಟ್ಟಿಗೆ ಮಾತೃಭಾಷೆಯಲ್ಲಿರಬೇಕೆಂದೂ, ಮಗುವನ್ನು ಭಯ, ಆಘಾತ ಮತ್ತು ಆತಂಕಗಳಿಂದ ಮುಕ್ತಗೊಳಿಸಬೇಕೆಂದೂ ಹೇಳುತ್ತದೆ. ಒಂದರಿಂದ ಐದನೆಯ ತರಗತಿಯವರೆಗೆ 30 ಮಕ್ಕಳಿಗೆ ಒಬ್ಬ ಶಿಕ್ಷಕರೆಂಬ ಪ್ರಮಾಣವೂ ಕಾಯ್ದೆಯ ಅನುಸೂಚಿಯಲ್ಲಿದೆ.

21ನೆಯ ಪ್ರಕರಣದಂತೆ ಶಾಲಾ ಸಮಿತಿಯಲ್ಲಿ ಪೋಷಕರು ಮುಕ್ಕಾಲು ಭಾಗ, ಮಹಿಳೆಯರು ಅರ್ಧ ಭಾಗ ಇರಬೇಕು. ಸ್ಥಳೀಯ ಸಂಸ್ಥೆಯ ಚುನಾಯಿತ ಪ್ರತಿನಿಧಿಗಳೂ ಇರಬೇಕು. ಮಗುವಿನ ಹಕ್ಕಿನ ಬಗ್ಗೆ ಯಾರೇ ಆಗಲಿ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ನೀಡಬಹುದು. ಅದನ್ನು ಮೂರು ತಿಂಗಳೊಳಗೆ ಇತ್ಯರ್ಥಪಡಿಸಬೇಕೆಂದು 32ನೆಯ ಪ್ರಕರಣ ವಿಧಿಸುತ್ತದೆ. ಆದ್ದರಿಂದ ಮಗುವಿನ ಭಯ ಪಂಚಾಯಿತಿಯ ಕಾರ್ಯಸೂಚಿಗೆ ಹೊರಗಿನ ವಿಷಯವಲ್ಲ.

ಗ್ರಾಮ ಪಂಚಾಯಿತಿ ಕೈಗೊಳ್ಳಬಹುದಾದ ಕ್ರಮಗಳು

1. ಶಾಲಾ ಭೇಟಿಯ ರೀತಿ. ಸದಸ್ಯರು ಗುಂಪಾಗಿ ಬಂದು ಮಕ್ಕಳನ್ನು ಎಬ್ಬಿಸಿ ನಿಲ್ಲಿಸಿ ಮಗ್ಗಿ ಕೇಳುವ ರೂಢಿಯನ್ನು ಕೈಬಿಡಬೇಕು. ಒಬ್ಬಿಬ್ಬರು ಬಂದು ಹಿಂದಿನ ಸಾಲಿನಲ್ಲಿ ಒಂದು ಗಂಟೆ ಸುಮ್ಮನೆ ಕುಳಿತರೆ ಹೆಚ್ಚು ತಿಳಿಯುತ್ತದೆ. ಆಮೇಲೆ ಶಿಕ್ಷಕರನ್ನು ಕೇಳಬೇಕಾದ ಪ್ರಶ್ನೆ ಒಂದೇ: "ಈ ವಾರ ಒಂದು ಮಾತನ್ನೂ ಆಡದ ಮಗು ಯಾವುದು?" ಇದು ತಪಾಸಣೆಯ ಪ್ರಶ್ನೆಯಾಗದೆ ಸಹಕಾರದ ಪ್ರಶ್ನೆಯಾಗಿರಬೇಕು. ಶಿಕ್ಷಕರೂ ದಾಖಲೆ, ತರಬೇತಿ, ಸಮೀಕ್ಷೆಗಳ ಭಾರದಲ್ಲಿ ಬಳಲಿರುತ್ತಾರೆ ಎಂಬುದನ್ನು ಮರೆಯಬಾರದು.

2. ಶಬ್ದದ ನಿಯಂತ್ರಣ. 2000ದ ಶಬ್ದ ಮಾಲಿನ್ಯ ನಿಯಮಗಳು ಶಾಲೆಯ ಸುತ್ತ 100 ಮೀಟರ್ ಪ್ರದೇಶವನ್ನು ನಿಶ್ಶಬ್ದ ವಲಯವೆಂದು ಘೋಷಿಸಲು ಅವಕಾಶ ನೀಡಿವೆ. ಅಂಥ ವಲಯದಲ್ಲಿ ಹಗಲಿನ ಮಿತಿ 50 ಡೆಸಿಬಲ್. ಘೋಷಣೆಗಾಗಿ ಪಂಚಾಯಿತಿ ಶಿಫಾರಸು ಮಾಡಬಹುದು. ಅಷ್ಟರೊಳಗೆ ಶಾಲಾ ವೇಳೆಯಲ್ಲಿ ಧ್ವನಿವರ್ಧಕ ಬೇಡವೆಂದು ಊರಿನವರನ್ನು ಒಪ್ಪಿಸುವುದು, ರಸ್ತೆಯ ಬದಿಗೆ ಹೊಂಗೆ, ಬೇವಿನ ಸಾಲು ನೆಡಿಸುವುದು ಪಂಚಾಯಿತಿಯ ಕೈಯಲ್ಲೇ ಇದೆ.

3. ಒಂದು ಶಾಂತ ಮೂಲೆ. ಉದ್ಯೋಗ ಖಾತರಿ ಯೋಜನೆಯಡಿ ರಾಜ್ಯದ ಅನೇಕ ಶಾಲೆಗಳಲ್ಲಿ ಆಟದ ಮೈದಾನ, ಕಾಂಪೌಂಡು, ಕೈತೋಟಗಳು ನಿರ್ಮಾಣವಾಗಿವೆ. ಶಾಲೆಯ ಕಾಮಗಾರಿಯ ಯೋಜನೆಯಲ್ಲಿಯೇ ಮರದ ಕೆಳಗೆ ಒಂದು ಜಗಲಿ, ಓದುವ ಒಂದು ಮೂಲೆ ಸೇರಲಿ. ಮನಸ್ಸು ತುಂಬಿ ಬಂದ ಮಗು ಹತ್ತು ನಿಮಿಷ ಅಲ್ಲಿ ಕುಳಿತು ಮರಳಿ ತರಗತಿಗೆ ಬರುವಂತಾಗಲಿ. ಅದು ಶಿಕ್ಷೆಯ ಮೂಲೆಯಾಗದಂತೆ ನೋಡಿಕೊಳ್ಳಬೇಕು.

4. ಅರಿವು ಕೇಂದ್ರ. 2020ರಲ್ಲಿ ಆರಂಭವಾದ "ಓದುವ ಬೆಳಕು" ಕಾರ್ಯಕ್ರಮದಂತೆ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವವಿದೆ. ಪರೀಕ್ಷೆಯಿಲ್ಲದೆ, ತನಗೆ ಬೇಕಾದ ಪುಸ್ತಕವನ್ನು ತನ್ನ ವೇಗದಲ್ಲಿ ಓದಲು ಸಾಧ್ಯವಾಗುವ ಜಾಗ ಊರಿನಲ್ಲಿ ಅದೊಂದೇ. ಅದು ಶಾಲೆ ಬಿಟ್ಟ ಬಳಿಕವೂ ತೆರೆದಿರಬೇಕು. ಸ್ಪರ್ಧಾ ಪರೀಕ್ಷೆಯ ಪುಸ್ತಕಗಳ ಜೊತೆಗೆ ಮಕ್ಕಳ ಕಥೆ, ಚಿತ್ರಪುಸ್ತಕಗಳಿಗೂ ಹಣ ಮೀಸಲಿಡಬೇಕು.

5. ಮಕ್ಕಳ ಗ್ರಾಮಸಭೆ. ಈಗಿನ ರೂಢಿಯಲ್ಲಿ ಧ್ವನಿವರ್ಧಕದ ಮುಂದೆ ನಿಲ್ಲಬಲ್ಲ ನಾಲ್ಕೈದು ಮಕ್ಕಳೇ ಎಲ್ಲರ ಪರವಾಗಿ ಮಾತನಾಡುತ್ತಾರೆ. ಸಭೆಗೆ ಒಂದು ವಾರ ಮೊದಲೇ ಪ್ರತಿ ಶಾಲೆಯಲ್ಲಿ ಪೆಟ್ಟಿಗೆಯಿಟ್ಟು, ಹೆಸರು ಬರೆಯದೆಯೂ ಚೀಟಿ ಹಾಕಲು, ಬರೆಯಲಾಗದವರು ಚಿತ್ರ ಬಿಡಿಸಿ ಹಾಕಲು ಅವಕಾಶ ಕೊಡಬೇಕು. ಅವುಗಳನ್ನು ಸಭೆಯಲ್ಲಿ ಓದಿ ಉತ್ತರ ಹೇಳಬೇಕು. ಕತ್ತಲಾದ ಶೌಚಾಲಯದ ಭಯ, ದಾರಿಯ ನಾಯಿಯ ಭಯ, ದೊಡ್ಡ ಹುಡುಗರ ಕಾಟ ಇಂಥವು ಚೀಟಿಯಲ್ಲಿ ಬರುತ್ತವೆಯೇ ಹೊರತು ಮೈಕಿನಲ್ಲಿ ಬರುವುದಿಲ್ಲ.

6. ಸಂಭ್ರಮ ಶನಿವಾರ. ಬ್ಯಾಗಿಲ್ಲದ ಈ ದಿನ ಊರಿನ ಕುಂಬಾರರು, ನೇಕಾರರು, ಸೋಬಾನೆ ಹಾಡುವ ಅಜ್ಜಿಯರು, ತೋಟಗಾರರು ಶಾಲೆಗೆ ಬರಲಿ. ಮಕ್ಕಳೂ ಕೆರೆಗೆ, ಹೊಲಕ್ಕೆ ಹೋಗಲಿ. ವಾಹನ, ಕುಡಿಯುವ ನೀರು, ಜೊತೆಗೆ ಹೋಗುವ ಹಿರಿಯರ ವ್ಯವಸ್ಥೆಯನ್ನು ಪಂಚಾಯಿತಿ ವಹಿಸಿಕೊಳ್ಳಬಹುದು.

7. ಆರೋಗ್ಯ ತಪಾಸಣೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆಗೆ ವರ್ಷಕ್ಕೊಮ್ಮೆ, ಅಂಗನವಾಡಿಗೆ ಎರಡು ಬಾರಿ ಭೇಟಿ ನೀಡಬೇಕಾಗಿದೆ. ಮೌನವಾಗಿರುವ ಮಕ್ಕಳ ಕಿವಿ, ಕಣ್ಣು, ಬೆಳವಣಿಗೆಯ ತಪಾಸಣೆ ಅಂದು ತಪ್ಪದೆ ನಡೆಯುವಂತೆ ಶಾಲಾ ಸಮಿತಿ ನೋಡಿಕೊಳ್ಳಬೇಕು. ಮಾನಸಿಕ ಆರೋಗ್ಯದ ಸಲಹೆಗೆ ಟೆಲಿ ಮನಸ್ 14416, ಮಗುವಿಗೆ ಅಪಾಯವಿದ್ದಲ್ಲಿ ಮಕ್ಕಳ ಸಹಾಯವಾಣಿ 1098 ಇವೆ. ಈ ಸಂಖ್ಯೆಗಳು ಶಾಲೆಯ ಗೋಡೆಯ ಮೇಲೆ ಮಕ್ಕಳ ಎತ್ತರದಲ್ಲಿರಲಿ.

8. ಸನ್ಮಾನದ ಮರುವಿಚಾರ. ಪಂಚಾಯಿತಿಗಳು ಅತಿ ಹೆಚ್ಚು ಅಂಕ ಪಡೆದವರನ್ನು ಸನ್ಮಾನಿಸುತ್ತವೆ. ಅದು ಮುಂದುವರಿಯಲಿ. ಅದರ ಜೊತೆಗೆ ಗಿಡ ಬೆಳೆಸಿದ ಮಗು, ಅರಿವು ಕೇಂದ್ರದಲ್ಲಿ ತಪ್ಪದೆ ಓದಿದ ಮಗು, ಹೊಸದಾಗಿ ಬಂದ ವಲಸೆ ಮಗುವಿಗೆ ಕನ್ನಡ ಕಲಿಸಿದ ಮಗು ಇವರ ಕೆಲಸವೂ ಊರಿನ ಗಮನಕ್ಕೆ ಬರಲಿ. ವೇದಿಕೆ ಹತ್ತಲು ಹಿಂಜರಿಯುವ ಮಗುವನ್ನು ಎಳೆದು ತರುವುದು ಬೇಡ. ಅದರ ತರಗತಿಗೇ ಹೋಗಿ ಪುಸ್ತಕ ಕೊಟ್ಟು ಬಂದರೆ ಸಾಕು.

ಈ ಎಂಟರಲ್ಲಿ ಹೆಚ್ಚಿನವುಗಳಿಗೆ ಹೊಸ ಅನುದಾನ ಬೇಕಾಗಿಲ್ಲ. ಇರುವ ವ್ಯವಸ್ಥೆಯನ್ನೇ ಮೌನವಾಗಿರುವ ಮಗುವನ್ನು ನೆನಪಿನಲ್ಲಿಟ್ಟು ನಡೆಸಿದರಾಯಿತು. ಇವುಗಳಿಂದ ಮಾತುಗಾರ ಮಗುವಿಗೆ ಯಾವ ನಷ್ಟವೂ ಇಲ್ಲ. ಶಬ್ದ ಕಡಿಮೆಯಾದ, ಭಯವಿಲ್ಲದ, ತನ್ನ ನಡಿಗೆಯಲ್ಲಿ ಕಲಿಯಬಹುದಾದ ಶಾಲೆ ಎಲ್ಲ ಮಕ್ಕಳಿಗೂ ಒಳ್ಳೆಯ ಶಾಲೆಯೇ.

ಪ್ರತಿಯೊಂದು ಗ್ರಾಮ ಪಂಚಾಯಿತಿಯು ತನ್ನ ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ "ಶಾಲೆಯಲ್ಲಿ ಮೌನವಾಗಿರುವ ಮಕ್ಕಳು" ಎಂಬ ಒಂದು ವಿಷಯವನ್ನು ಸೇರಿಸಿ, ಮುಖ್ಯ ಶಿಕ್ಷಕರು, ಶಾಲಾ ಸಮಿತಿಯ ತಾಯಂದಿರು, ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರನ್ನು ಆಹ್ವಾನಿಸಿ ಒಂದು ಗಂಟೆ ಚರ್ಚಿಸಲಿ. ಮಕ್ಕಳ ಹೆಸರುಗಳನ್ನು ಸಭೆಯಲ್ಲಿ ಎತ್ತದೆ, ನಡಾವಳಿಯಲ್ಲಿ ಬರೆಯದೆ, ಕೈಗೊಂಡ ಕ್ರಮವನ್ನು ಮಾತ್ರ ದಾಖಲಿಸಲಿ. ಮೂರು ತಿಂಗಳ ಬಳಿಕ ಅದೇ ವಿಷಯವನ್ನು ಮತ್ತೆ ಪರಿಶೀಲಿಸಲಿ.